ಹರಾಜು ಕಾಣದ ರೇಷ್ಮೆ ಆಟ: ಶಿಡ್ಲಘಟ್ಟದ ಒಂದು ಕ್ಯಾಸೆಟ್ಟಿನ ಪ್ರಕರಣ

ಆಟ ಓಡುತ್ತದೆ. ಬ್ರೌಸರಿನಲ್ಲಿ ಜೆಎಸ್‌ಬೀಬ್ ಎಂಬ ಎಮ್ಯುಲೇಟರನ್ನು, ಅಂದರೆ ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶವನ್ನು ತೆರೆದು, ಹಳೆಯ ಕ್ಯಾಸೆಟ್ ಟೇಪಿನಿಂದ ಇಳಿಸಿ ಸರಿಪಡಿಸಿದ ಕಡತವನ್ನು ಕೊಟ್ಟರೆ, ಸುಮಾರು ಎರಡು ನಿಮಿಷದ ನಂತರ ಕಪ್ಪು ಪರದೆಯ ಅಂಚಿನಲ್ಲಿ ಸೊಪ್ಪು, ಹುಳು, ಜ್ವರ, ಗೂಡು ಎಂಬ ನಾಲ್ಕು ಕನ್ನಡ ಪದಗಳು ಮೂಡುತ್ತವೆ. ನಡುವೆ ಬಿದಿರಿನ ತಟ್ಟೆ, ಅದರಲ್ಲಿ ಹುಳುಗಳು. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಊಜಿ ನೊಣ ಬಂದರೆ ಬಲೆ ಎಳೆಯಬೇಕು, ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಗೂಡು ಬಿಡಿಸಿದ ಮೇಲೆ ತೂಕವನ್ನು ಒಂದು ನಿಗದಿತ ದರದಿಂದ ಗುಣಿಸಿ, ಇಷ್ಟು ರೂಪಾಯಿ ಬಂತು ಎಂದು ಹೇಳಿ ಆಟ ಮುಗಿಯುತ್ತದೆ. ಎಲ್ಲೂ ತಡವರಿಸುವುದಿಲ್ಲ, ದೋಷ ತೋರಿಸುವುದಿಲ್ಲ.

ಹಳೆಯ ಆಟವನ್ನು ಉಳಿಸುವುದೆಂದರೆ ಅದನ್ನು ಮತ್ತೆ ಓಡಿಸುವುದು ಎಂದು ನಂಬಿದವರು ಇಲ್ಲಿಗೆ ಕೈತೊಳೆದುಕೊಳ್ಳಬಹುದು. ನಮ್ಮ ಜೊತೆಗಿದ್ದ ಕೆಲವರು ಹಾಗೇ ಮಾಡಿದರು. ಆದರೆ ಈ ಆಟವನ್ನು ಬರೆದವರಿಗೆ ಯಾವ ಭಾಗ ಮುಖ್ಯವಾಗಿತ್ತೋ ಅದು ಆಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಇದೆ ಎಂದು ಗೊತ್ತಾದದ್ದು ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಓದಿದಾಗ. ಅದನ್ನು ಏಕೆ ಮರೆಮಾಡಿದರು ಎಂಬುದಕ್ಕೆ ಸಾಲುಗಳೂ ಸಾಲಲಿಲ್ಲ.

ಡಬ್ಬಿಯಲ್ಲಿ ಇದ್ದದ್ದು

ಶಿಡ್ಲಘಟ್ಟದ ಒಂದು ಹಳೆಯ ಮನೆಯನ್ನು ಕೆಡವುವ ಮುನ್ನ ಅಟ್ಟವನ್ನು ಖಾಲಿ ಮಾಡುವಾಗ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಸಿಕ್ಕಿತು. ಅದರಲ್ಲಿ ಒಂದು ಕ್ಯಾಸೆಟ್ಟು, ಇನ್ನೂರು ಪುಟದ ಒಂದು ನೋಟ್‌ಪುಸ್ತಕ, ಮಡಚಿಟ್ಟ ಗ್ರಾಫ್ ಹಾಳೆಗಳು ಇದ್ದವು. ಡಬ್ಬಿಯ ಒಡೆಯ ಎಂಬತ್ತರ ದಶಕದ ಕೊನೆಯಲ್ಲಿ ತಾಲ್ಲೂಕಿನ ಜೂನಿಯರ್ ಕಾಲೇಜೊಂದರಲ್ಲಿ ವಿಜ್ಞಾನ ಓದುತ್ತಿದ್ದವರು. ಈಗ ಅವರದು ಔಷಧಿ ಅಂಗಡಿ. ಆಟವನ್ನು ಬರೆದವರು ಅವರ ಭೌತಶಾಸ್ತ್ರದ ಮೇಷ್ಟ್ರು. ಅಕ್ಷರ ಮತ್ತು ಚಿತ್ರಗಳನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿದ್ದು ಈ ಶಿಷ್ಯ. ಇಬ್ಬರೂ ಇದ್ದಾರೆ, ಇಬ್ಬರಿಗೂ ನೆನಪಿದೆ, ಇಬ್ಬರ ನೆನಪೂ ಒಂದೇ ಅಲ್ಲ. ಹೆಸರು ಹಾಕುವುದು ಬೇಡವೆಂದು ಇಬ್ಬರೂ ಕೇಳಿಕೊಂಡಿದ್ದರಿಂದ ಇಲ್ಲಿ ಅವರು ಮೇಷ್ಟ್ರು ಮತ್ತು ಶಿಷ್ಯ, ಅಷ್ಟೇ.

ಕಾಲೇಜಿಗೆ ಕಂಪ್ಯೂಟರ್ ಬಂದದ್ದು ಕ್ಲಾಸ್ ಎಂಬ ಕಂಪ್ಯೂಟರ್ ಸಾಕ್ಷರತೆಯ ಯೋಜನೆಯಲ್ಲಿ. 1984–85ರಲ್ಲಿ ಕೇಂದ್ರ ಸರ್ಕಾರ ದೇಶದ ಸುಮಾರು 250 ಶಾಲೆಗಳಲ್ಲಿ ಆರಂಭಿಸಿ ಆಮೇಲೆ ವಿಸ್ತರಿಸಿದ ಈ ಯೋಜನೆಗೆ ಆರಿಸಿಕೊಂಡ ಯಂತ್ರ ಬಿಬಿಸಿ ಮೈಕ್ರೊ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಯಂತ್ರವದು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನೇ ಪರವಾನಗಿ ಪಡೆದು ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಯಾರಿಸಿತು. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕಿಲೊಬೈಟ್ ಸ್ಮರಣೆ. ಈ ಆಟ ಬಳಸಿದ ನಾಲ್ಕನೇ ಪರದೆ ಮೋಡ್ 10 ಕಿಲೊಬೈಟನ್ನು ತಾನೇ ನುಂಗುತ್ತದೆ. ಯಂತ್ರದ ಸ್ವಂತ ಖರ್ಚು ಕಳೆದರೆ ಪ್ರೋಗ್ರಾಮಿಗೂ ಅದರ ಲೆಕ್ಕಾಚಾರಕ್ಕೂ ಸೇರಿ ಉಳಿಯುವುದು 18,944 ಬೈಟ್. ಇಂದು ಮೊಬೈಲಿನಲ್ಲಿ ಬರುವ ಶುಭೋದಯದ ಚಿತ್ರವೊಂದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಆಗ ಶಿಡ್ಲಘಟ್ಟ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಕಾಗದಪತ್ರ ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ಹಳೆಯ ದಾಸ್ತಾನು ವಹಿ, ಪತ್ರವ್ಯವಹಾರ ಎರಡು ಊರುಗಳ ನಡುವೆ ಹಂಚಿಹೋಗಿರುತ್ತದೆ. ನಮಗೆ ಸಿಕ್ಕ ಏಕೈಕ ಅಧಿಕೃತ ಕುರುಹು ಕಾಲೇಜಿನ ದಾಸ್ತಾನು ವಹಿಯಲ್ಲಿ ಕಂಪ್ಯೂಟರ್, ಟೇಪ್ ರೆಕಾರ್ಡರ್, ಬಣ್ಣದ ಟಿವಿ ಎಂದು ಬರೆದ ಮೂರು ಸಾಲುಗಳು. ಅವುಗಳ ಎದುರು ಕೆಂಪು ಶಾಯಿಯಲ್ಲಿ ‘ನಿರುಪಯುಕ್ತ’ ಎಂಬ ಷರಾ.

ಬಿಡುಗಡೆಯಾಗದ ಆಟವನ್ನು ವಿದೇಶಗಳಲ್ಲಿ ಹುಡುಕುವವರಿಗೆ ಹಿಡಿದುಕೊಳ್ಳಲು ದಾರವಿರುತ್ತದೆ. ಪತ್ರಿಕೆಯಲ್ಲಿ ಜಾಹೀರಾತು ಬಂದಿರುತ್ತದೆ, ಮುನ್ನೋಟ ಅಚ್ಚಾಗಿರುತ್ತದೆ, ಪ್ರದರ್ಶನದ ಫೋಟೊ ಇರುತ್ತದೆ, ಕೈಬಿಟ್ಟ ಕಂಪನಿಗೊಂದು ವಿಳಾಸವಿರುತ್ತದೆ. ಸಿಮ್‌ಸಿಟಿ ಎಂಬ ಆಟದ ಆವೃತ್ತಿಯೊಂದನ್ನು ನಿಂಟೆಂಡೊ ತನ್ನ ಎನ್‌ಇಎಸ್ ಯಂತ್ರಕ್ಕೆಂದು 1991ರಲ್ಲಿ ಪ್ರದರ್ಶನದಲ್ಲಿ ತೋರಿಸಿ ಆಮೇಲೆ ಕೈಬಿಟ್ಟಿತು. ಹಾಗೊಂದು ಆಟವಿತ್ತು ಎಂಬುದು ಹುಡುಕುವವರಿಗೆ ಮೊದಲೇ ಗೊತ್ತಿದ್ದರಿಂದಲೇ 2017ರಲ್ಲಿ ಮೂಲಮಾದರಿಯ ಕಾರ್ಟ್ರಿಜ್ ಹೊರಬಂದಾಗ ಅದು ಏನೆಂದು ತಟ್ಟನೆ ಗುರುತಿಸಲಾಯಿತು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಅದನ್ನು ಮರುವರ್ಷ ಎಲ್ಲರಿಗೂ ದೊರಕಿಸಿತು. ಸ್ಟಾರ್ ಫಾಕ್ಸ್ 2 ಸಂಪೂರ್ಣ ಸಿದ್ಧವಾಗಿದ್ದರೂ ತೊಂಬತ್ತರ ದಶಕದಲ್ಲಿ ಹೊರಬರದೆ ಉಳಿದು, 2017ರಲ್ಲಿ ನಿಂಟೆಂಡೊ ಕೈಯಿಂದಲೇ ಅಧಿಕೃತವಾಗಿ ಬಂತು.

ನಮ್ಮ ಡಬ್ಬಿಯ ಹಿಂದೆ ಕಂಪನಿಯಿಲ್ಲ, ಜಾಹೀರಾತಿಲ್ಲ. ಬಿಡುಗಡೆ ಎಂದರೆ ಇನ್ನೊಂದು ಕಾಲೇಜಿನ ಮೇಷ್ಟ್ರು ಖಾಲಿ ಕ್ಯಾಸೆಟ್ಟು ತಂದು ನಕಲು ಮಾಡಿಕೊಂಡು ಹೋಗುವುದು. ಇಂಥ ಕಡೆ ‘ಬಿಡುಗಡೆಯಾಗದ ಆಟ’ ಎನ್ನಲು ಏನಾದರೂ ಆಧಾರ ಬೇಕು. ನಾವು ಹಿಡಿದ ಅಳತೆ ಇಷ್ಟು: ಬರೆದವರು ಇತರರಿಗೆ ಕೊಡಬೇಕೆಂದು ಸಿದ್ಧಪಡಿಸಿ, ಕೊನೆಗೆ ಕೊಡದೆ ಇಟ್ಟುಕೊಂಡದ್ದು. ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ನಕಲು ಕೊಡಬೇಕಾದ ಊರುಗಳ ಪಟ್ಟಿಯಿದೆ. ಚಿಂತಾಮಣಿಯ ಎದುರು ಮಾತ್ರ ಟಿಕ್ ಗುರುತು ಬಿದ್ದಿದೆ.

ಟೇಪನ್ನು ಓದಿದ ಬಗೆ

ಕ್ಯಾಸೆಟ್ಟು ಖಾಲಿ ಕೊಂಡದ್ದಲ್ಲ, ಭಕ್ತಿಗೀತೆಗಳದ್ದು. ಹಾಡು ಅಳಿಸಿಹೋಗದಂತೆ ಮುರಿದಿದ್ದ ಪ್ಲಾಸ್ಟಿಕ್ ನಾಲಿಗೆಯ ಜಾಗಕ್ಕೆ ಕಾಗದದ ಉಂಡೆ ತುರುಕಿ, ಮೇಲೆ ಅಂಟುಪಟ್ಟಿ ಹಾಕಿ, ಹಾಡಿನ ಮೇಲೆಯೇ ಪ್ರೋಗ್ರಾಮನ್ನು ಉಳಿಸಿದ್ದಾರೆ. ಮೊದಲು ಕೆಲವು ಸೆಕೆಂಡು ಒಂದೇ ಸಮನೆ ಸಿಳ್ಳೆ, ಆಮೇಲೆ ಕರ್ಕಶವಾದ ಗೊರಗೊರ. ಅದು ನಿಂತ ಕೂಡಲೇ ಅರ್ಧ ಚರಣದಿಂದ ಹಾಡು ಮುಂದುವರಿಯುತ್ತದೆ.

ಆ ಹಾಡು ಇಲ್ಲದ ಗೊಂದಲವನ್ನು ತಂದಿಟ್ಟಿತು. ಹಳೆಯ ಕ್ಯಾಸೆಟ್ಟನ್ನು ಓದುವಾಗ ಮೊದಲು ನೋಡಬೇಕಾದದ್ದು ರೆಕಾರ್ಡರಿನ ಹೆಡ್ಡು ಟೇಪಿಗೆ ನೇರವಾಗಿ ಕೂತಿದೆಯೇ ಎಂಬುದನ್ನು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಧ್ವನಿ ಮಂಕಾಗುತ್ತದೆ ಅಥವಾ ಚುರುಕಾಗುತ್ತದೆ. ಸಾಮಾನ್ಯವಾಗಿ ಕಿವಿಗೆ ಹಾಡು ಸ್ಪಷ್ಟವಾಗುವವರೆಗೆ ತಿರುಗಿಸುತ್ತಾರೆ. ಇಲ್ಲಿ ಹಾಡು ಸ್ಪಷ್ಟವಾದಷ್ಟೂ ಪ್ರೋಗ್ರಾಮಿನ ಭಾಗ ಮಸುಕಾಯಿತು. ಕಾರಣ ಸರಳ. ಹಾಡನ್ನು ದಾಖಲಿಸಿದ್ದು ಕ್ಯಾಸೆಟ್ ಕಂಪನಿಯ ಯಂತ್ರ, ಪ್ರೋಗ್ರಾಮನ್ನು ದಾಖಲಿಸಿದ್ದು ಕಾಲೇಜಿನ ರೆಕಾರ್ಡರ್, ಅದರ ಹೆಡ್ಡು ತುಸು ಓರೆಯಾಗಿತ್ತು. ನಮ್ಮ ಹೆಡ್ಡನ್ನೂ ಅಷ್ಟೇ ಓರೆ ಮಾಡಬೇಕಾಯಿತು. ಹಾಡು ಕೆಟ್ಟು ಕೇಳಿಸಿದಾಗ ದತ್ತಾಂಶ ಸರಿಯಾಗಿ ಬಂತು.

ಬಿಬಿಸಿ ಮೈಕ್ರೊ ಸೊನ್ನೆಯನ್ನು 1200 ಹರ್ಟ್ಸ್‌ನ ಒಂದು ಅಲೆಯಾಗಿ, ಒಂದನ್ನು 2400 ಹರ್ಟ್ಸ್‌ನ ಎರಡು ಅಲೆಗಳಾಗಿ ಬರೆಯುತ್ತದೆ. ಇಡೀ ಕಡತವನ್ನು 256 ಬೈಟ್‌ಗಳ ಬ್ಲಾಕುಗಳಾಗಿ ಕತ್ತರಿಸಿ, ಪ್ರತಿ ಬ್ಲಾಕಿಗೂ ಹೆಸರು, ಕ್ರಮಸಂಖ್ಯೆ, ಜೊತೆಗೊಂದು ತಾಳೆ ಮೊತ್ತವನ್ನು ಸೇರಿಸುತ್ತದೆ. ಉಳಿಸುವವರಿಗೆ ಈ ತಾಳೆ ಮೊತ್ತ ವರದಾನ. ಒಂದು ಬ್ಲಾಕು ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಅದು ಖಚಿತವಾಗಿ ಹೇಳುವುದರಿಂದ, ಒಂದು ಓದಿನಲ್ಲಿ ಕೆಟ್ಟದ್ದನ್ನು ಇನ್ನೊಂದು ಓದಿನಿಂದ ತೆಗೆದುಕೊಂಡು ಇಡಿಯನ್ನು ಜೋಡಿಸಬಹುದು. ಧ್ವನಿಯನ್ನು ಸಂಕುಚಿತಗೊಳಿಸದ ವೇವ್ ಕಡತವಾಗಿಯೇ ಇಟ್ಟುಕೊಂಡೆವು. ಎಂಪಿ3 ಮನುಷ್ಯರ ಕಿವಿಗೆ ಬೇಡದ್ದನ್ನು ತೆಗೆದುಹಾಕುತ್ತದೆ, ಇಲ್ಲಿ ಕೇಳಬೇಕಾದದ್ದು ಯಂತ್ರ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಇರುವ ಡೆಕ್ಕಾದರೆ ಅದನ್ನೂ ಬಂದ್ ಮಾಡಿಡಬೇಕು. ಆಮೇಲೆ ವೇವ್‌ನಿಂದ ಎಮ್ಯುಲೇಟರುಗಳು ಒಪ್ಪುವ ಯುಇಎಫ್ ರೂಪಕ್ಕೆ ತಂದೆವು.

ಮೂರು ಬ್ಲಾಕುಗಳು ಮಾತ್ರ ಯಾವ ಓದಿಗೂ ಬಗ್ಗಲಿಲ್ಲ. ಯಾವುದೋ ಕಾಲದಲ್ಲಿ ಟೇಪು ರೆಕಾರ್ಡರಿನೊಳಗೆ ಸುತ್ತಿಕೊಂಡು, ಯಾರೋ ಎಳೆದು ಬಿಡಿಸಿ, ಪೆನ್ನು ತೂರಿಸಿ ಮತ್ತೆ ಸುತ್ತಿದ್ದಾರೆ. ಒಂದು ಅಡಿಗೂ ಹೆಚ್ಚು ಉದ್ದಕ್ಕೆ ಸುಕ್ಕು ಬಿದ್ದು ಕಂದು ಲೇಪ ಉದುರಿಹೋಗಿದೆ. ಕ್ಯಾಸೆಟ್ಟಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಅಷ್ಟು ಉದ್ದದಲ್ಲಿ ಏಳೆಂಟು ಸೆಕೆಂಡಿನ ದತ್ತಾಂಶ ಇರುತ್ತದೆ, ಅಂದರೆ ಸರಿಯಾಗಿ ಆ ಮೂರು ಬ್ಲಾಕುಗಳು, 768 ಬೈಟ್. ಆಟವನ್ನು ಬರೆದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹದಿನೈದು ಸಾಲುಗಳಷ್ಟು.

ನಾಲ್ಕು ಪದಗಳು, ಎಂಟು ಅಕ್ಷರಗಳು

ಕಳೆದುಹೋದ ಭಾಗಕ್ಕೆ ಬರುವ ಮೊದಲು ಉಳಿದ ಭಾಗದ ಒಂದು ಚಮತ್ಕಾರವನ್ನು ಹೇಳಲೇಬೇಕು, ಪ್ರಕರಣಕ್ಕೆ ಅದರಿಂದ ಸಾಕ್ಷ್ಯವೂ ದೊರಕಿದೆ.

ಬಿಬಿಸಿ ಮೈಕ್ರೊದಲ್ಲಿ ಕನ್ನಡವಿಲ್ಲ. ಬಳಸುವವರೇ ರೂಪಿಸಿಕೊಳ್ಳಬಹುದಾದ 32 ಚಿಹ್ನೆಗಳಿಗೆ ಅದು ಜಾಗ ಕೊಡುತ್ತದೆ. ಒಂದೊಂದೂ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ. ಆ ಚೌಕದಲ್ಲಿ ‘ಪ್ಪು’ ಹಿಡಿಸುವುದಿಲ್ಲ. ಆದ್ದರಿಂದ ಶಿಷ್ಯ ಒಂದು ಕನ್ನಡ ಅಕ್ಷರಕ್ಕೆ ನಾಲ್ಕು ಚೌಕ ಬಳಸಿದರು. 32 ಚಿಹ್ನೆಗೆ ಎಂಟು ಅಕ್ಷರ: ಸೊ, ಪ್ಪು, ಹು, ಳು, ಜ್ವ, ರ, ಗೂ, ಡು. ಕೂಡಿಸಿದರೆ ನಾಲ್ಕು ಪದ. ಜಾಗ ಖಾಲಿ. ಹಾಗಾದರೆ ಹುಳು, ನೊಣ, ಎಲೆಯ ಚಿತ್ರಗಳಿಗೆ ಚಿಹ್ನೆ ಎಲ್ಲಿಂದ? ಮೇಷ್ಟ್ರು ನಾಲ್ಕು ಪದಗಳನ್ನು ಆರಂಭದಲ್ಲೇ ಪರದೆಯ ಮೇಲೆ ಬರೆದುಬಿಟ್ಟು, ಅದೇ 32 ಚಿಹ್ನೆಗಳಿಗೆ ಮತ್ತೆ ಹುಳು, ನೊಣದ ರೂಪ ಕೊಟ್ಟರು. ಪರದೆಗೆ ಒಮ್ಮೆ ಬಿದ್ದ ಚುಕ್ಕಿಗಳು ಚಿಹ್ನೆ ಬದಲಾದರೂ ಹಾಗೇ ಉಳಿಯುತ್ತವೆ. ಆಟದುದ್ದಕ್ಕೂ ಆ ಪದಗಳನ್ನು ಅಳಿಸದಿದ್ದರೆ ಆಯಿತು. ಪದಗಳು ಪರದೆಯ ಅಂಚಿನಲ್ಲಿರುವುದು ಅಂದಕ್ಕಲ್ಲ, ಹುಳು ಅಲ್ಲಿಗೆ ಹರಿದು ಅವನ್ನು ತಿನ್ನಬಾರದೆಂದು.

ಗ್ರಾಫ್ ಹಾಳೆಯಲ್ಲಿ ಪ್ರತಿ ಅಡ್ಡಸಾಲಿನ ಪಕ್ಕ ಪೆನ್ಸಿಲಿನಲ್ಲಿ ಕೂಡುವ ಲೆಕ್ಕವಿದೆ. ಬಲದಿಂದ ಎಡಕ್ಕೆ ಚುಕ್ಕಿಗಳ ಬೆಲೆ 1, 2, 4, 8 ಎಂದು ಇಮ್ಮಡಿಸುತ್ತ 128ರವರೆಗೆ ಹೋಗುತ್ತದೆ. ‘ಳು’ ಅಕ್ಷರದ ಒಂದು ಸಾಲಿನಲ್ಲಿ 32, 16, 8, 4ರ ಚುಕ್ಕಿಗಳನ್ನು ತುಂಬಿದ್ದಾರೆ. ಮೊತ್ತ 60 ಆಗಬೇಕು, ಹಾಳೆಯಲ್ಲಿ 56 ಎಂದಿದೆ. ಕೊನೆಯ 4 ಕೈತಪ್ಪಿದೆ. ಟೇಪಿನಿಂದ ಬಂದ ಪ್ರೋಗ್ರಾಮಿನಲ್ಲೂ ಅಲ್ಲಿ 56 ಎಂದೇ ಇದೆ, ಪರದೆಯ ಮೇಲಿನ ‘ಳು’ವಿನ ಬಲ ಅಂಚಿನಲ್ಲಿ ಒಂದು ಚುಕ್ಕಿ ಇಲ್ಲ. ಓಲೆಗರಿ ಪ್ರತಿಗಳನ್ನು ಹೋಲಿಸಿದವರಿಗೆ ಈ ತರ್ಕ ಹೊಸದಲ್ಲ. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಇದ್ದರೆ ಅವುಗಳ ನಡುವೆ ಸಂಬಂಧವಿದೆ. ಈ ಟೇಪು ಈ ಹಾಳೆಗಳಿಂದಲೇ ಹುಟ್ಟಿದ್ದು ಎಂದು ಹೇಳಲು ನಮಗಿರುವ ಗಟ್ಟಿ ಆಧಾರ ಆ ಬಿಟ್ಟುಹೋದ ಚುಕ್ಕಿ. ಬಿಬಿಸಿಯ ಟೇಪು ಕಡತದಲ್ಲಿ ದಿನಾಂಕ ದಾಖಲಾಗುವುದಿಲ್ಲವಾದ್ದರಿಂದ ಇಂಥ ಒಳಸಾಕ್ಷ್ಯವನ್ನೇ ನಂಬಬೇಕು.

ಬೆಂಗಳೂರಿನಿಂದ ಸಹಾಯಕ್ಕೆ ಬಂದಿದ್ದ ತರುಣನೊಬ್ಬ ಆಟವನ್ನು ಆಡಿ ನೋಡಿ ದೋಷಗಳ ಪಟ್ಟಿ ಮಾಡಿದ. ಮೊದಲನೆಯದೇ ಹೀಗಿತ್ತು: ಆಟದ ನಡುವೆ ಆಗಾಗ ಸೊಪ್ಪು ಹಾಕಿದರೂ ಹುಳು ತಿನ್ನುವುದಿಲ್ಲ, ಬದಲಿಗೆ ಅಂಕ ಕಡಿಮೆಯಾಗುತ್ತದೆ, ತಿದ್ದಬೇಕು. ಪಕ್ಕದಲ್ಲಿದ್ದ ಶಿಷ್ಯರ ತಾಯಿ ನಕ್ಕುಬಿಟ್ಟರು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿನಲ್ಲಿ, ಅದಕ್ಕೆ ಸೊಪ್ಪು ಹಾಕುವವರು ಶಿಡ್ಲಘಟ್ಟದಲ್ಲಿ ಯಾರೂ ಇಲ್ಲ. ರೇಷ್ಮೆ ಹುಳು ಸುಮಾರು 25 ದಿನಗಳ ಬಾಳಿನಲ್ಲಿ ನಾಲ್ಕು ಸಲ ಹೀಗೆ ಕೂರುತ್ತದೆ. ಆಗ ಹಾಕಿದ ಸೊಪ್ಪು ತಟ್ಟೆಯಲ್ಲಿ ಬಾಡಿ ತೇವ ಏರಿ ರೋಗಕ್ಕೆ ದಾರಿಯಾಗುತ್ತದೆ. ಆಟದ ಜಾಣತನವೆಲ್ಲ ಅಲ್ಲಿತ್ತು. ಹುಳ ಸಾಕುವ ಮನೆಯ ಮಗು ಗೆಲ್ಲುತ್ತದೆ, ಪುಸ್ತಕ ಓದಿ ಬಂದವನು ಸೋಲುತ್ತಾನೆ. ಊಜಿ ನೊಣವೂ ಅಷ್ಟೇ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಈ ಪೀಡೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿ ಗೂಡನ್ನು ಕೊರೆದು ಹೊರಬಂದರೆ ಆ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಆಟ ಬರೆಯುವ ಹೊತ್ತಿಗೆ ಅದು ಊರಿನ ಹೊಸ ಭಯ. ಆ ತರುಣನ ಪಟ್ಟಿಯನ್ನು ನಾವು ಎಸೆಯಲಿಲ್ಲ, ದಾಖಲೆಗೆ ಸೇರಿಸಿದೆವು. ಮುಂದೆ ನೋಡುವವರಿಗೂ ಅದೇ ಅನುಮಾನ ಬರುವುದು ಖಂಡಿತ.

1235ನೇ ಸಾಲು

ಬೇಸಿಕ್‌ನಲ್ಲಿ ಸಾಲುಗಳಿಗೆ 10, 20, 30 ಎಂದು ಹತ್ತರ ಅಂತರದಲ್ಲಿ ಸಂಖ್ಯೆ ಕೊಡುವುದು ರೂಢಿ. ನಡುವೆ ಏನಾದರೂ ತುರುಕಬೇಕಾದರೆ ಜಾಗವಿರಲಿ ಎಂದು. ಈ ಪ್ರೋಗ್ರಾಮು ಆರಂಭದಿಂದ ಕೊನೆಯವರೆಗೆ ಆ ಶಿಸ್ತನ್ನು ಪಾಲಿಸಿದೆ, ಒಂದು ಕಡೆ ಹೊರತು. 1230ನೇ ಸಾಲು ಕೇವಲ ಟಿಪ್ಪಣಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಹರಾಜು’ ಎಂದು. ಅದರ ಕೆಳಗೆ 1235. ಅಲ್ಲಿರುವುದು 1400ಕ್ಕೆ ಹಾರು ಎಂಬ ಆಜ್ಞೆ, ಪಕ್ಕದಲ್ಲಿ ‘ಪ್ರದರ್ಶನ’ ಎಂಬ ಟಿಪ್ಪಣಿ. ಆಮೇಲೆ 1240 ಇದೆ, ಅಲ್ಲಿಂದ ಮುಂದೆ ಸುಕ್ಕು. ಮತ್ತೆ ಸಾಲುಗಳು ಸಿಗುವುದು 1400ರಿಂದ.

ಅಂದರೆ ಟೇಪು ಕಳೆದುಕೊಂಡ ಹದಿನೈದು ಸಾಲುಗಳನ್ನು ಪ್ರೋಗ್ರಾಮು ಅದಕ್ಕೂ ಮೊದಲೇ ಕಳೆದುಕೊಂಡಿತ್ತು. ಕೆಟ್ಟ ಬ್ಲಾಕುಗಳನ್ನು ಬಿಟ್ಟು ಉಳಿದದ್ದನ್ನು ಜೋಡಿಸಿದರೂ ಆಟ ಸರಾಗವಾಗಿ ಓಡುವುದು ಇದರಿಂದಲೇ. ಹಾರಿಹೋಗುವ ಜಾಗದಲ್ಲಿ ಸೇತುವೆ ಇದ್ದರೇನು, ಮುರಿದಿದ್ದರೇನು? ಸುಕ್ಕು ಅಲ್ಲೇ ಬಿದ್ದದ್ದು ಕಾಕತಾಳೀಯ. ಅಥವಾ ಆ ಭಾಗವನ್ನೇ ಮತ್ತೆಮತ್ತೆ ಹಿಂದಕ್ಕೆ ಸುತ್ತಿ ಕೇಳಿದ್ದರಿಂದ ಟೇಪು ಅಲ್ಲಿ ಸಿಕ್ಕಿಕೊಂಡಿತೇನೋ ಎಂದು ಶಿಷ್ಯ ಹೇಳುತ್ತಾರೆ. ಕಥೆ ಚೆನ್ನಾಗಿದೆ, ನಾನು ಅದನ್ನು ದಾಖಲೆಯ ಮುಖ್ಯ ಭಾಗಕ್ಕೆ ಸೇರಿಸಲಿಲ್ಲ.

ಹರಾಜಿನ ಭಾಗದಲ್ಲಿ ಏನಿತ್ತು ಎಂಬುದಕ್ಕೆ ನೋಟ್‌ಪುಸ್ತಕದಲ್ಲಿ ಕೈಬರಹದ ಪ್ರತಿಯಿದೆ. ಅದು ಟೇಪಿಗಿಂತ ಹಿಂದಿನದು, ಸಾಲು ಸಂಖ್ಯೆಗಳು ಬೇರೆ, ಚರಗಳ ಹೆಸರುಗಳು ಬೇರೆ. ಅದರ ಪ್ರಕಾರ ಗೂಡು ಮಾರುಕಟ್ಟೆಗೆ ಲಾಟು ಬರುತ್ತದೆ. ಗೂಡು ಕೊಂಡು ನೂಲು ತೆಗೆಯುವ ನಾಲ್ವರು ರೀಲರುಗಳು. ಮೊದಲನೆಯವರು ಒಂದು ಬೆಲೆ ಹೇಳುತ್ತಾರೆ. ಆಡುವವರು ಬೇಡವೆಂದರೆ ಎರಡನೆಯವರು ಬರುತ್ತಾರೆ, ಹಿಂದಿನ ಬೆಲೆಯಿಂದ ಒಂದರಿಂದ ಐದರೊಳಗಿನ ಯಾವುದೋ ಸಂಖ್ಯೆಯನ್ನು ಕಳೆದು ಹೇಳುತ್ತಾರೆ. ಮೂರನೆಯವರೂ ಹಾಗೆಯೇ, ನಾಲ್ಕನೆಯವರೂ ಹಾಗೆಯೇ. ಕೂಡುವ ಚಿಹ್ನೆ ಆ ಪುಟದಲ್ಲಿ ಎಲ್ಲಿಯೂ ಇಲ್ಲ. ಹರಾಜಿನಲ್ಲಿ ಬೆಲೆ ಏರುವ ದಾರಿಯನ್ನೇ ಮೇಷ್ಟ್ರು ಬರೆದಿರಲಿಲ್ಲ. ಎಷ್ಟೇ ಚೆನ್ನಾಗಿ ಹುಳ ಸಾಕಿದರೂ ಕೊನೆಗೆ ಮೊದಲ ಬೆಲೆಗೆ ಕೊಟ್ಟವನಿಗೆ ಹೆಚ್ಚು ಸಿಗುತ್ತದೆ, ಕಾದವನಿಗೆ ಕಡಿಮೆ.

1959ರ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ರೇಷ್ಮೆ ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಮಾರಾಟವಾಗಬೇಕು, ಬಹಿರಂಗ ಹರಾಜಿನಲ್ಲಿ. ರಾಮನಗರದಂತೆ ಶಿಡ್ಲಘಟ್ಟವೂ ರಾಜ್ಯದ ಬಹು ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದು. ಕಾಲೇಜಿನ ಒಂದೇ ಬೆಂಚಿನಲ್ಲಿ ಬೆಳೆಗಾರರ ಮಗನೂ ರೀಲರರ ಮಗನೂ ಕೂರುವ ಊರು. ಅಂಥ ಊರಿನ ಕಾಲೇಜು ಪ್ರದರ್ಶನದಲ್ಲಿ ಈ ಹರಾಜನ್ನು ಟಿವಿ ಪರದೆಯ ಮೇಲೆ ತೋರಿಸುವುದೆಂದರೆ ಏನೆಂದು ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಬ್ಬರ ನೆನಪು

ಶಿಷ್ಯರು ಹೇಳುವುದು: ಪ್ರದರ್ಶನಕ್ಕೆ ಮೊದಲು ಆಟವನ್ನು ನೋಡಿದ ಆಡಳಿತ ಮಂಡಳಿಯ ಹಿರಿಯರೊಬ್ಬರಿಗೆ ಹರಾಜಿನ ಭಾಗ ಹಿಡಿಸಲಿಲ್ಲ, ಅದನ್ನು ತೆಗೆಯಿರಿ ಎಂದರು, ಮೇಷ್ಟ್ರು ಆ ಸಂಜೆಯೇ ಕೂತು ಒಂದು ಸಾಲು ಸೇರಿಸಿದರು, ಆಮೇಲೆ ಬೇಸರದಿಂದ ಯಾರಿಗೂ ನಕಲು ಕೊಡಲಿಲ್ಲ.

ಮೇಷ್ಟ್ರು ಹೇಳುವುದು: ಹಾಗೇನೂ ಆಗಲಿಲ್ಲ, ಹರಾಜಿನ ಭಾಗ ಇನ್ನೂ ಅರೆಬೆಂದಿತ್ತು, ಬೆಲೆ ಏರುವುದನ್ನು ಬರೆಯುವ ಮುನ್ನ ಪ್ರದರ್ಶನ ಬಂತು, ಆದ್ದರಿಂದ ತಾತ್ಕಾಲಿಕವಾಗಿ ಹಾರಿಸಿದೆ. ನಂತರ ವರ್ಗಾವಣೆಯಾಯಿತು, ರೆಕಾರ್ಡರ್ ಕೆಟ್ಟಿತು, ಬಿಟ್ಟುಹೋಯಿತು.

1235ನೇ ಸಾಲು ಈ ಎರಡು ಮಾತುಗಳಿಗೂ ಹೊಂದುತ್ತದೆ. ಪ್ರದರ್ಶನಕ್ಕಾಗಿ ಹಾರಿಸಿದ್ದು ಎಂಬುದನ್ನು ಅದು ಖಚಿತಪಡಿಸುತ್ತದೆ, ಯಾರ ಮಾತಿಗೆ ಎಂಬುದನ್ನಲ್ಲ. ಹದಿನೈದು ಸಾಲುಗಳನ್ನು ಅಳಿಸಲು ಬೇಸಿಕ್‌ನಲ್ಲಿ ಒಂದೇ ಆಜ್ಞೆ ಸಾಕು, ಆದರೂ ಅಳಿಸಿಲ್ಲ. ಮುಂದೆ ಮರಳಿ ತೆರೆಯುವ ಮನಸ್ಸಿತ್ತು ಎಂದು ಇದರಿಂದ ಊಹಿಸಬಹುದು. ಇದು ಮೇಷ್ಟ್ರ ಮಾತಿಗೆ ಬಲ ಕೊಡುತ್ತದೆ. ಇನ್ನೊಂದು ಕಡೆ, ನೋಟ್‌ಪುಸ್ತಕದ ಹರಾಜು ಅರೆಬೆಂದದ್ದೆಂದು ನನಗೆ ತೋರುವುದಿಲ್ಲ. ಬೆಲೆ ಮೂರು ಕಡೆ ಇಳಿಯುವುದನ್ನು ಅಷ್ಟು ಅಚ್ಚುಕಟ್ಟಾಗಿ ಬರೆದವರು ಏರುವುದನ್ನು ಮರೆತರು ಎನ್ನುವುದಕ್ಕಿಂತ ಬೇಕೆಂದೇ ಬಿಟ್ಟರು ಎನ್ನುವುದು ಹೆಚ್ಚು ಸರಿ. ಇದನ್ನು ಮೇಷ್ಟ್ರ ಮುಂದೆಯೇ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಕಾಫಿ ಆರುತ್ತಿದೆ ಎಂದರು.

ಇಬ್ಬರ ಮಾತನ್ನೂ ಪ್ರತ್ಯೇಕವಾಗಿ ಕೂರಿಸಿ ಧ್ವನಿಮುದ್ರಣ ಮಾಡಿಕೊಂಡಿದ್ದೇವೆ. ಒಟ್ಟಿಗೆ ಕೂರಿಸಿದರೆ ಶಿಷ್ಯರು ಮೇಷ್ಟ್ರ ಮಾತಿಗೆ ಎದುರಾಡುವುದಿಲ್ಲ, ಇಂದಿಗೂ. ಹಿರಿಯರ ಎದುರು ಕಿರಿಯರ ನೆನಪು ಬಾಗುತ್ತದೆ. ನಮ್ಮ ಕಡೆ ಇಂಥ ಕೆಲಸಕ್ಕೆ ಇಳಿಯುವವರು ಯಂತ್ರದ ವಿಷಯ ಕಲಿಯುವ ಮೊದಲು ಇದನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಮೇಲು.

ಮೇಷ್ಟ್ರ ಹಟ

ನಿಜವಾದ ತಕರಾರು ಶುರುವಾದದ್ದು ಇದಾದ ಮೇಲೆ. ಮೇಷ್ಟ್ರಿಗೆ ಈಗ ಎಪ್ಪತ್ತು ದಾಟಿದೆ, ಲ್ಯಾಪ್‌ಟಾಪ್ ಇದೆ, ಬಿಡುವಿದೆ. ಆಟ ಮತ್ತೆ ಓಡುವುದನ್ನು ಕಂಡವರೇ ಹರಾಜನ್ನು ಪೂರ್ತಿ ಮಾಡಿ ಕೊಡುತ್ತೇನೆ, ಅದನ್ನೇ ಆಟವೆಂದು ಇಡಿ ಎಂದರು. ಕೃತಿ ಅವರದು, ಕೈ ಅವರದು. ಬೇಡವೆನ್ನಲು ನಾವು ಯಾರು? ತಂಡದ ಕಿರಿಯರು ಅವರ ಪಕ್ಷ. ನೋಟ್‌ಪುಸ್ತಕದ ಸಾಲುಗಳನ್ನು ಸುಕ್ಕಿನ ಜಾಗಕ್ಕೆ ಕೂರಿಸಿ, 1235ನ್ನು ತೆಗೆದು, ಸ್ವಲ್ಪ ಸದ್ದೂ ಸೇರಿಸಿದರೆ ಆಟ ಚೆಂದವಾಗುತ್ತದೆ ಎಂಬುದು ಅವರ ವಾದ.

ನಾನು ಒಪ್ಪಲಿಲ್ಲ. ಈ ಆಟದ ಇತಿಹಾಸ ಇರುವುದೇ ಆ ಹಾರುವ ಆಜ್ಞೆಯಲ್ಲಿ. ಒಬ್ಬ ಮೇಷ್ಟ್ರು ಊರಿನ ಮಾರುಕಟ್ಟೆಯ ಬಗ್ಗೆ ಏನನ್ನೋ ಹೇಳಲು ಹೊರಟು, ಪ್ರದರ್ಶನದ ಹಿಂದಿನ ಹೊತ್ತಿನಲ್ಲಿ ಅದನ್ನು ಮುಚ್ಚಿಟ್ಟರು. ಯಾರ ಒತ್ತಾಯಕ್ಕಾದರೂ ಆಗಲಿ. ಹರಾಜನ್ನು ತುಂಬಿ ಕೊಟ್ಟರೆ ಎಂದೂ ಯಾರೂ ಆಡದ ಆಟವೊಂದು ಎಂಬತ್ತರ ದಶಕದ್ದೆಂಬ ಹೆಸರಿನಲ್ಲಿ ಉಳಿಯುತ್ತದೆ. ಪ್ರಾಚೀನ ಕಾವ್ಯಗಳನ್ನು ಸಂಪಾದಿಸಿದ ನಮ್ಮ ವಿದ್ವಾಂಸರು ಗೆದ್ದಲು ತಿಂದ ಜಾಗದಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಹೋದರು, ಊಹೆಯ ಪಾಠವಿದ್ದರೆ ಅದನ್ನು ಕಂಸದಲ್ಲೋ ಅಡಿಟಿಪ್ಪಣಿಯಲ್ಲೋ ಇಟ್ಟರು. ಮೇಷ್ಟ್ರು ಬದುಕಿರುವುದರಿಂದ ನಿಯಮ ಬದಲಾಗಬೇಕಿಲ್ಲ. ಇಂದಿನ ಮೇಷ್ಟ್ರು ಅಂದಿನ ಮೇಷ್ಟ್ರಲ್ಲ, ಇಂದಿನ ಮಾರುಕಟ್ಟೆಯೂ ಅಂದಿನದಲ್ಲ. ಈಗ ಇ-ಹರಾಜು ಬಂದಿದೆ, ರೀಲರುಗಳು ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ.

ಕೊನೆಗೆ ರಾಜಿಯಾದದ್ದು ಹೀಗೆ. ಟೇಪಿನಿಂದ ಬಂದದ್ದು ಬಂದಂತೆ, ಕೆಟ್ಟ ಬ್ಲಾಕುಗಳ ಸಮೇತ, ಒಂದು ಪ್ರತಿ. ಹಾಗೇ ಕೊಟ್ಟರೆ ಯಂತ್ರ ‘ಬ್ಯಾಡ್ ಪ್ರೋಗ್ರಾಮ್’ ಎಂದು ಹೇಳಿ ಕೈಯೆತ್ತುತ್ತದೆ. ಅದೂ ದಾಖಲೆಯೇ. ಎರಡನೆಯದು ಒಡೆದ ಸಾಲುಗಳನ್ನು ಕಿತ್ತು ಓಡುವಂತೆ ಮಾಡಿದ ಪ್ರತಿ, ಕಿತ್ತದ್ದು ಎಲ್ಲಿ ಎಂಬ ಟಿಪ್ಪಣಿಯೊಂದಿಗೆ. ನೋಟ್‌ಪುಸ್ತಕ ಮತ್ತು ಗ್ರಾಫ್ ಹಾಳೆಗಳ ಸ್ಕ್ಯಾನ್ ಪ್ರತ್ಯೇಕ. ಮೇಷ್ಟ್ರು ಈಗ ಬರೆಯುತ್ತಿರುವುದು ಬೇರೆ ಹೆಸರಿನ, ಈ ವರ್ಷದ ಹೊಸ ಆಟ. ಅದರಲ್ಲಿ ಬೆಲೆ ಏರುತ್ತದೆಯೇ ಎಂದು ಕೇಳಿದರೆ ಮುಗಿಯಲಿ ಎನ್ನುತ್ತಾರೆ. ಮೂಲ ವೇವ್ ಕಡತಗಳನ್ನು ಬೇರೆಬೇರೆ ಮನೆಗಳ ಡಿಸ್ಕುಗಳಲ್ಲಿ ಇಟ್ಟು, ಕಡತ ಬದಲಾದರೆ ತಿಳಿಯುವಂತೆ ಪ್ರತಿಯೊಂದಕ್ಕೂ ಎಸ್‌ಎಚ್‌ಎ-256 ಎಂಬ ಲೆಕ್ಕದ ಬೆರಳಗುರುತು ತೆಗೆದಿದ್ದೇವೆ.

ಹಕ್ಕಿನ ಪ್ರಶ್ನೆ ಅಷ್ಟು ಬೇಗ ಬಗೆಹರಿಯಲಿಲ್ಲ. 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಕೃತಿ ಎನಿಸಿಕೊಂಡಿದೆ. ಹಕ್ಕು ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಆದರೆ ನೌಕರಿಯ ಕೆಲಸದ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮೊದಲ ಒಡೆತನ ನೌಕರಿ ಕೊಟ್ಟವರದು. ಭೌತಶಾಸ್ತ್ರ ಕಲಿಸಲು ನೇಮಕವಾದವರು ಸಂಜೆ ಕೂತು ರೇಷ್ಮೆ ಆಟ ಬರೆದರೆ ಅದು ನೌಕರಿಯ ಭಾಗವೇ? ಕಂಪ್ಯೂಟರ್ ಕಾಲೇಜಿನದು, ಹೊತ್ತು ಅವರದು. ವಕೀಲ ಮಿತ್ರರೊಬ್ಬರ ಸಲಹೆಯಂತೆ ಮೇಷ್ಟ್ರಿಂದ ಮತ್ತು ಶಿಷ್ಯರಿಂದ ಲಿಖಿತ ಒಪ್ಪಿಗೆ ಪಡೆದು, ಕಾಲೇಜಿಗೆ ನಿರಾಕ್ಷೇಪಣೆ ಕೋರಿ ಪತ್ರ ಬರೆದಿದ್ದೇವೆ. ಉತ್ತರ ಬಂದಿಲ್ಲ. ಬರುವವರೆಗೆ ಆಟವನ್ನು ಕೇಳಿ ಬಂದವರಿಗೆ ತೋರಿಸುತ್ತೇವೆ, ಸಾರ್ವಜನಿಕವಾಗಿ ಇಳಿಸಿಕೊಳ್ಳಲು ಬಿಟ್ಟಿಲ್ಲ. 2023ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ಅಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಲೆಕ್ಕ ಹಾಕಿತು. ಅದು ಬಿಡುಗಡೆಯಾದವುಗಳ ಲೆಕ್ಕ. ನಮ್ಮದು ಆ ಲೆಕ್ಕಕ್ಕೂ ಸಿಗದ ಜಾತಿ.

ಉಳಿದಿರುವ ಕೆಲಸ ಚಿಂತಾಮಣಿಯದು. ನೋಟ್‌ಪುಸ್ತಕದ ಪಟ್ಟಿಯಲ್ಲಿ ಆ ಊರಿನ ಎದುರಿನ ಟಿಕ್ ಗುರುತು ಬೇರೆ ಶಾಯಿಯದಲ್ಲ, ಪಟ್ಟಿ ಬರೆದಾಗಲೇ ಹಾಕಿದಂತಿದೆ. ಪಟ್ಟಿ ಇರುವುದು ಕೈಬರಹದ ಹರಾಜಿನ ನಂತರದ ಪುಟದಲ್ಲಿ. ಅಲ್ಲಿಗೆ ಹೋದ ನಕಲು ಪ್ರದರ್ಶನಕ್ಕಿಂತ ಮೊದಲಿನದಾಗಿದ್ದರೆ ಅದರಲ್ಲಿ 1235ನೇ ಸಾಲು ಇರಲಾರದು, ಹರಾಜು ತೆರೆದೇ ಇರುತ್ತದೆ. ಚಿಂತಾಮಣಿ, ಶಿಡ್ಲಘಟ್ಟ, ಕೋಲಾರದ ಕಡೆಯ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಹಾಕಿ ಕೇಳಿ. ಹಾಡಿನ ನಡುವೆ ಸಿಳ್ಳೆ, ಆಮೇಲೆ ಗೊರಗೊರ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಸುತ್ತಬೇಡಿ. ರೆಕಾರ್ಡರಿನ ಬೆಲ್ಟು ಹಳೆಯದಾಗಿದ್ದರೆ ಟೇಪು ಒಳಗೆ ಸುತ್ತಿಕೊಳ್ಳುವ ಅಪಾಯವಿದೆ.